ಬೊಟ್ಟು ಇಟ್ಟ ಬೋಲ್ಟು

ಕಿಕ್ಕೇರಿ
18 ಮೇ 2025

ಖಾಸಿಂ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಲೇತಿನ ಕೆಳಗೆ ಕಬ್ಬಿಣದ ಚೂರಿನ ಜೊತೆ ಗುಡಿಸಿ ಹಾಕದೆ ಇಲ್ಲಿಯವರೆಗೆ ಓದಿದ್ದರೆ, ಮುಂದಿನದನ್ನೂ ಓದಿಬಿಡು. ಎರಡು ವರ್ಷದಿಂದ ನೀನು ನನಗೆ ಫೋನು ಮಾಡಿಲ್ಲ. ನಾನೂ ಮಾಡಿಲ್ಲ, ಅದು ಬೇರೆ ಮಾತು. ಹೇಗೂ ಅಳತೆಯ ವಿಷಯವನ್ನು ನೀನು ಫೋನಿನಲ್ಲಿ ಕೇಳುವವನಲ್ಲ. “ಬರ್ದು ಕಳ್ಸು, ಕಿವೀಲಿ ಕೇಳಿದ್ದು ಕಬ್ಬಿಣಕ್ಕೆ ಆಗಲ್ಲ” ಅಂತ ನಿಮ್ಮಪ್ಪ ಗಿರಾಕಿಗಳಿಗೆ ಹೇಳುತ್ತಿದ್ದುದನ್ನೇ ನೀನೂ ಹೇಳಿಕೊಂಡು ಬಂದಿದ್ದೀಯ. ಅದಕ್ಕೇ ಬರೆದು, ಮೈಸೂರು ಬಸ್ಸಿನ ಕಂಡಕ್ಟರ್ ಮರಿಸ್ವಾಮಿಯ ಕೈಗೆ ಕೊಟ್ಟಿದ್ದೇನೆ. ಶ್ರೀರಂಗಪಟ್ಟಣದ ಸ್ಟಾಂಡಿನಲ್ಲಿ ಇಳಿಸುತ್ತಾನೆ.

ವಿಷಯ ಕೆಂಪಿಯದು. ನೀನು ಬೇಡ ಬೇಡ ಅಂದರೂ ನಾನು ಕೊಂಡ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಹೊಟ್ಟೆಗೂ ನೆಲಕ್ಕೂ ನಾಲ್ಕು ಬೆರಳು. ಶಾಮಿಯಾನದವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಅಂದಿದ್ದೆ ನೀನು. ಈ ಎರಡು ವರ್ಷದಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಮೂರೂ ತಾಲ್ಲೂಕಿನ ಮದುಮಕ್ಕಳು ಅದರಲ್ಲಿ ಮೆರವಣಿಗೆ ಹೋಗಿದ್ದಾರೆ. ಕುದುರೆಗೆ ಹುಲ್ಲು ಬೇಕು, ಕೆಂಪಿಗೆ ಬರೀ ಹಲ್ಲು ಕಿರಿಯುವ ಗಂಡು ಸಾಕು.

ಹೋದ ವಾರ ನಾಗಮಂಗಲದ ದಾರಿಯಲ್ಲಿ ಒಂದು ಗುಂಡಿ ಸಿಕ್ಕಿತು. ಗುಂಡಿಗೆ ಏನೂ ಆಗಲಿಲ್ಲ. ಕೆಂಪಿಯ ಮುಂದಿನ ಎರಡೂ ಅಲಾಯ್ ವೀಲು ಬಿರುಕು ಬಿಟ್ಟವು. ಅಂಥವೇ ಎಲ್ಲೂ ಸಿಗಲಿಲ್ಲ. ಗುಜರಿಯಲ್ಲಿ ಬೇರೆ ಯಾವುದೋ ಕಾರಿನ ಒಂದು ಜೊತೆ ವೀಲು ಸಿಕ್ಕಿವೆ. ಬೋಲ್ಟಿನ ತೂತುಗಳು ಸರಿಯಾಗಿ ಕೂರುತ್ತವೆ, ಆದರೆ ಚಕ್ರ ಒಳಕ್ಕೆ ಸರಿದು ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತದೆ. “ಮಧ್ಯ ಒಂದು ಸ್ಪೇಸರ್ ಕೊಟ್ರೆ ಚಕ್ರ ಆಚೆಗೆ ಬತ್ತದೆ ಅಣ್ಣ” ಅಂದ, ಇಲ್ಲಿಯ ಟೈರ್ ಅಂಗಡಿಯ ಕುಮಾರ್. ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಇಡುವ ದಪ್ಪ ಬಿಲ್ಲೆ, ನಿನಗೆ ಹೇಳಬೇಕೆ. ಆನ್‌ಲೈನಿನಲ್ಲಿ ತರಿಸಿದೆ. ನಡುವಿನ ತೂತು ದೊಡ್ಡದಾಗಿ, ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಹಬ್ಬಿನ ಮೇಲೆ ಜೋಲುತ್ತದೆ. ಆದ್ದರಿಂದ ನೀನೇ ನಿನ್ನ ಲೇತಿನಲ್ಲಿ ತಿರುವಿ, ಅಳತೆಗೆ ಸರಿಯಾಗಿ ಮಾಡಿಕೊಡಬೇಕು. ಹಬ್ಬಿಗೆ ದಾರ ಸುತ್ತಿ ಅಳತೆ ತೆಗೆದಿದ್ದೇನೆ. ದಾರ ಇದರ ಜೊತೆಗೇ ಇದೆ.

ಚಕ್ರ ವಕ್ರವಾದರೂ ಮನಸ್ಸು ನೆಟ್ಟಗಿರುವ,
ಪುಟ್ಟರಾಜು

* * *

ಗಂಜಾಂ
21 ಮೇ 2025

ಪುಟ್ಟರಾಜು,

ದಾರ ಬಂತು. ದಾರದ ಅಳತೆಯಲ್ಲಿ ರವಿಕೆ ಹೊಲಿಯಬಹುದು. ಕೆಂಪಿಗೆ ರವಿಕೆ ಬೇಕಿದ್ದರೆ ಪಕ್ಕದ ಅಂಗಡಿಗೆ ಹೇಳುತ್ತೇನೆ.

ನಾನು ಮಾಡಿಕೊಡುವುದಿಲ್ಲ. ಸಿಟ್ಟಿಗೆ ಹೇಳುತ್ತಿಲ್ಲ. ಸ್ಪೇಸರ್ ಕೆಟ್ಟ ವಸ್ತುವಲ್ಲ, ಹಾಕಿಸಿಕೊಳ್ಳುವವರು ಅವಸರದವರು. ಹೋದ ವರ್ಷ ಒಂದು ಜೀಪಿನ ಚಕ್ರ ಜೀಪಿಗಿಂತ ಮುಂಚೆ ಗಂಜಾಂ ತಲುಪಿತು. ನಮ್ಮ ಅಂಗಡಿ ದಾಟಿ, ಕಬ್ಬಿನ ಗದ್ದೆಗೆ ಇಳಿದು, ಅಲ್ಲಿ ಮಲಗಿತು. ಹಿಂದೆ ಜೀಪು ಮೂರು ಕಾಲಲ್ಲಿ ಬಂತು. ಓಡಿಸುತ್ತಿದ್ದವನು ಅಲ್ಲಾಹನ ದಯೆಯಿಂದ ಬರೀ ಹಲ್ಲು ಕಳೆದುಕೊಂಡ. ಆ ಸ್ಪೇಸರ್ ನನ್ನದಲ್ಲ. ಆದರೆ ಗದ್ದೆಯಿಂದ ಚಕ್ರ ಹೊತ್ತು ತಂದವನು ನಾನು. ಆವತ್ತಿನಿಂದ ಸ್ಪೇಸರ್ ಕೆಲಸ ಹಿಡಿದಿಲ್ಲ.

ಕಾರನ್ನು ಗೋಡೌನಿನಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸು. ಮದುಮಕ್ಕಳು ಕುದುರೆ ಮೇಲೆ ಹೋಗಲಿ. ಕುದುರೆಗೆ ಬೋಲ್ಟಿಲ್ಲ.

ಅವ್ವನ ಮಂಡಿನೋವು ಹೇಗಿದೆ?

ಖಾಸಿಂ

* * *

ಕಿಕ್ಕೇರಿ
2 ಜೂನ್ 2025

ಖಾಸಿಂ,

ಅವ್ವನ ಮಂಡಿ ಮಳೆಗಾಲಕ್ಕೆ ಮುಂಚೆಯೇ ಮಳೆ ಹೇಳುತ್ತಿದೆ. ನೀನು ಕೇಳಿದೆ ಅಂತ ಹೇಳಿದೆ. “ಬಂದು ಕೇಳಕ್ಕೆ ಅವನ ಕಾಲ್ಗೇನಾಗದೆ” ಅಂದಳು.

ಮೊದಲ ಕಾಗದದಲ್ಲಿ ಒಂದು ಮಾತು ಬರೆದಿರಲಿಲ್ಲ. ಬರೆಯದೆಯೇ ಕೆಲಸ ಆದೀತು ಅಂದುಕೊಂಡಿದ್ದೆ. ನಮ್ಮ ಧನುಶ್ರೀಗೆ ಮದುವೆ ಗೊತ್ತಾಗಿದೆ. ಹುಡುಗ ನಾಗಮಂಗಲದವನು, ಹೆಸರು ಚೈತನ್ಯ, ಕರೆಂಟ್ ಆಫೀಸಿನಲ್ಲಿ ಕೆಲಸ. ಆಷಾಢ ಕಳೆದು ಶ್ರಾವಣದಲ್ಲಿ ಕೆ.ಆರ್. ಪೇಟೆಯ ಛತ್ರದಲ್ಲಿ ಧಾರೆ. ಎಲ್ಲಾ ಮಾತುಕತೆ ಮುಗಿದು ಎಲೆಯಡಿಕೆ ತಟ್ಟೆ ಎತ್ತುವ ಹೊತ್ತಿಗೆ ನಿನ್ನ ಶಿಷ್ಯೆ ಬಾಯಿ ತೆಗೆದಳು.

“ಗಂಡನ ಮನೆಗೆ ನನ್ನ ಯಾರೂ ಕರ್ಕೊಂಡೋಗೋದು ಬ್ಯಾಡ. ಕೆಂಪಿ ಓಡಿಸ್ಕೊಂಡು ನಾನೇ ಹೋಗ್ತೀನಿ. ಅವ್ರು ಪಕ್ಕದಲ್ಲಿ ಕೂತ್ಕೊಳ್ಲಿ.”

ಬೀಗರ ಮುಖ ನೋಡಲು ನನಗೆ ಧೈರ್ಯವಿಲ್ಲ. ಹುಡುಗನೇ ಮೆಲ್ಲಗೆ, “ನಂಗೇನ್ ತೊಂದ್ರೆ ಇಲ್ಲ ಮಾವ, ನಂಗೆ ಡ್ರೈವಿಂಗ್ ಬರಲ್ಲ” ಅಂದ. ಒಳ್ಳೆಯ ಹುಡುಗ.

ಅವಳಿಗೆ ಕಾರು ಕಲಿಸಿದವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಮೊದಲು ಡಿಗ್ರಿ ಮುಗೀಲಿ ಅಂತ ನಾನು ಅನ್ನುತ್ತಿರುವಾಗಲೇ, ರಜೆಗೆ ನಿಮ್ಮ ಮನೆಗೆ ಬಂದವಳನ್ನು ನಿಮಿಷಾಂಬ ಗುಡಿಯಾಚೆಯ ಹೊಳೆ ದಾರಿಯಲ್ಲಿ ನಿನ್ನ ಹಳೇ ವ್ಯಾನಿನಲ್ಲಿ ಕೂರಿಸಿದವನು ನೀನು. ಈಗ ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀನು ಮಾಡಿಕೊಡದಿದ್ದರೆ ಕುಮಾರ್ ಯಾರ ಹತ್ತಿರವೋ ಮಾಡಿಸಿ ತರುತ್ತಾನೆ. ಆ ದಿನ ಆ ಎರಡು ಚಕ್ರದ ಮೇಲೆ ಹೋಗುವುದು ನನ್ನ ಮಗಳು. ಇದಕ್ಕೆ ಪ್ರಾಸ ಹುಡುಕಿದೆ, ಸಿಗಲಿಲ್ಲ.

ಪುಟ್ಟರಾಜು

* * *

ಗಂಜಾಂ
5 ಜೂನ್ 2025

ಪುಟ್ಟ,

ಮೊದಲೇ ಹೇಳಬಾರದೇ?

ಗುಜರಿಯ ಒಂದು ವೀಲು ಬಸ್ಸಿಗೆ ಹಾಕು. ಈ ಪೊಟ್ಟಣದಲ್ಲಿ ನಮ್ಮಪ್ಪನ ವರ್ನಿಯರ್ ಇದೆ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಅಳತೆಗೋಲು. ಅದು ಅಂಗಡಿ ಬಿಟ್ಟು ಹೊರಗೆ ಹೋಗಿದ್ದು ಇದೇ ಮೊದಲು, ನಮ್ಮ ಮನೆಯವರೂ ಬೆರಗಾದರು. ಹಬ್ಬಿನ ಅಳತೆಯನ್ನು ಅದರಲ್ಲಿ ತೆಗೆಯಬೇಕು. ಧನುಶ್ರೀ ತೆಗೆಯಲಿ, ನೀನು ಬೇಡ. ನೀನು ದಾರದವನು.

ಖಾಸಿಂ

* * *

ಗಂಜಾಂ
17 ಜೂನ್ 2025

ಪುಟ್ಟ,

ಹುಡುಗಿ ಅಳತೆ ಚೆನ್ನಾಗಿ ತೆಗೆದಿದ್ದಾಳೆ. ಮೂರು ಸಲ ತೆಗೆದು ಮೂರನ್ನೂ ಬರೆದಿದ್ದಾಳೆ. ಸ್ಪೇಸರ್ ಎರಡನ್ನೂ ಗೋಣಿಯಲ್ಲಿ ಸುತ್ತಿ, ನೀನು ಕಳಿಸಿದ ವೀಲಿನ ಜೊತೆ ಮರಿಸ್ವಾಮಿಗೆ ಕೊಟ್ಟಿದ್ದೇನೆ. ಕೈಯಲ್ಲಿ ಒತ್ತಿದರೆ ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತವೆ. ಸುತ್ತಿಗೆ ಮುಟ್ಟಿಸಬೇಡ.

ಈಗ ಮುಖ್ಯವಾದದ್ದು. ಸ್ಪೇಸರ್ ಎಷ್ಟು ದಪ್ಪವೋ ಬೋಲ್ಟು ಅಷ್ಟು ಉದ್ದವಾಗಬೇಕು. ಹಳೇ ಬೋಲ್ಟು ಬಿಲ್ಲೆಯನ್ನು ದಾಟುವುದರಲ್ಲೇ ಅರ್ಧ ಆಯಸ್ಸು ಕಳೆಯುತ್ತದೆ. ಒಳಗೆ ಹಿಡಿದುಕೊಳ್ಳಲು ಅದಕ್ಕೆ ಎರಡು ಮೂರು ಸುತ್ತು ಮಾತ್ರ ಉಳಿಯುತ್ತದೆ. ಕೈಗೆ ಬಿಗಿಯಾಗಿದೆ ಅನ್ನಿಸುತ್ತದೆ, ಓಡಿದರೆ ಸಡಿಲ. ಉದ್ದನೆಯ ಬೋಲ್ಟನ್ನು ಲೇತಿನಲ್ಲಿ ಮಾಡಬಾರದು, ಅದು ಬೇರೆ ಉಕ್ಕು. ಬೆಂಗಳೂರಿಗೆ ಹೇಳಿದ್ದೇನೆ, ಬರಬೇಕು. ಬಂದ ಮೇಲೆ ಹಾಕಿಕೊಂಡು ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಇನ್ನೊಮ್ಮೆ ಬಿಗಿ ಮಾಡಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂತಿರು.

ಖಾಸಿಂ

* * *

ಪಾಂಡವಪುರ, ಕಾಲೇಜು ಹಿಂದಿನ ಕಾಫಿ ಹೋಟೆಲು
24 ಜೂನ್ 2025, ಮಧ್ಯಾಹ್ನ

ಖಾಸಿಂ,

ಫೋನು ಮಾಡಿದೆ, ನಾಲ್ಕು ಸಲ. ಲೇತಿನ ಮುಂದೆ ಇರುತ್ತೀಯ, ಕೇಳಿಸುವುದಿಲ್ಲ. ಮರಿಸ್ವಾಮಿಯ ಬಸ್ಸು ಇನ್ನೇನು ಬರುತ್ತದೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಮೊದಲು ಇದನ್ನು ಓದು: ನಾನೂ ಅವ್ವನೂ ಚೆನ್ನಾಗಿದ್ದೇವೆ, ಕೆಂಪಿಯೂ ನಿಂತಿದೆ.

ನಾಳಿದ್ದರಿಂದ ಆಷಾಢ. ಆಷಾಢ ಹೊಕ್ಕ ಮೇಲೆ ಹೊಸ ಚಕ್ರ ಹಾಕಿ ಪೂಜೆ ಮಾಡುವುದು ಹೇಗೆ, ಮದುವೆಯ ಗಾಡಿ ಅಲ್ಲವೇ ಅಂತ ಮನೆಯಲ್ಲಿ ಎಲ್ಲರೂ ಒಂದೇ ರಾಗ. ಇವತ್ತು ಬೆಳಿಗ್ಗೆ ಒಳ್ಳೆಯ ಘಳಿಗೆ ಇತ್ತು. ಬೋಲ್ಟು ಬಂದಿರಲಿಲ್ಲ. ಘಳಿಗೆ ಬೋಲ್ಟಿಗೆ ಕಾಯುವುದಿಲ್ಲವಲ್ಲ. “ಪೂಜೆಗ್ ಮಾತ್ರ ಹಳೇ ಬೋಲ್ಟ್ ಹಾಕಣ, ನಾಳೆ ಬಿಚ್ಚಣ” ಅಂದ ಕುಮಾರ್. ಹಾಕಿದೆವು. ಹಾಕಿದ ಮೇಲೆ, ನಿಮಿಷಾಂಬ ಗುಡಿಯಲ್ಲಿಯೇ ಪೂಜೆ ಆಗಿಬಿಡಲಿ ಅನ್ನಿಸಿತು. ಗುಡಿಯಿಂದ ನಿನ್ನ ಅಂಗಡಿ ಎಷ್ಟು ದೂರ ಅಂತ ನಿನಗೆ ಗೊತ್ತು. ಅವ್ವ ಪಕ್ಕದ ಸೀಟಿನಲ್ಲಿ ಕೂತಳು. ಗಾಳಿಗೆ ಸೆರಗು ಹಾರಿ ಊರ ಧ್ವಜದ ಹಾಗೆ ಪಟಪಟ.

ಹೊರಡುವ ಮುಂಚೆ ಅವ್ವ ತನ್ನ ಪದ್ಧತಿ ಬಿಡಲಿಲ್ಲ. ಎಮ್ಮೆಯ ಕೊಂಬಿಗೆ, ಟ್ರಾಕ್ಟರಿಗೆ, ಹೊಸ ಮಿಕ್ಸಿಗೆ ಇಡುವ ಹಾಗೆ ಪ್ರತಿ ಬೋಲ್ಟಿನ ತಲೆಗೂ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು, ಬೊಟ್ಟಿನಿಂದ ಚಕ್ರದ ಮೇಲಕ್ಕೆ ನೆಟ್ಟಗೆ ಒಂದು ಗೆರೆ, ನಾಮದ ಹಾಗೆ. ಹತ್ತು ಬೋಲ್ಟಿಗೆ ಹತ್ತು ನಾಮ. “ಬೇಗ ಮುಗ್ಸವ್ವ” ಅಂದರೆ, “ದೇವ್ರಿಗೆ ಅವಸ್ರ ಇಲ್ಲ ಕಣ್ಲಾ, ನಿಂಗ್ಯಾಕೆ” ಅಂದಳು.

ಇಲ್ಲಿ ಕಾಫಿಗೆ ಇಳಿದೆವು. ಅವ್ವ ಹೋಟೆಲಿನ ಕಟ್ಟೆ ಹತ್ತಲಿಲ್ಲ. ಎಡಗಡೆ ಚಕ್ರದ ಮುಂದೆ ಬಗ್ಗಿ ನಿಂತಳು.

“ಲೇ ಪುಟ್ಟ, ನಾನಿಟ್ಟ ಬೊಟ್ಟು ಓಡಾಡ್ಬುಟ್ಟವೆ ಕಣ್ಲಾ.”

“ಗಾಳಿಗೆ ಅಳಿಸಿರ್ತದೆ ಕಣವ್ವ, ಬಾ, ಕಾಫಿ ಆರೋಯ್ತದೆ.”

“ಅಳಿಸಿಲ್ಲ. ಗೆರೆ ಇದ್ದಲ್ಲೇ ಅದೆ, ಬೊಟ್ಟು ಪಕ್ಕಕ್ಕೋಗದೆ. ನೆಟ್ಟಗಿದ್ದ ನಾಮ ಸೊಟ್ಟಗಾಗದೆ. ದೇವ್ರು ಮೊಖ ತಿರುಗಿಸ್ಕೊಂಡವ್ನೆ. ನಾ ಈ ಗಾಡಿ ಹತ್ತಲ್ಲ.”

ಮೊದಲು ನಕ್ಕೆ. ಆಮೇಲೆ ಬಗ್ಗಿ ನೋಡಿದೆ. ಐದರಲ್ಲಿ ಮೂರು ಬೋಲ್ಟು ತಿರುಗಿದ್ದವು. ಒಂದನ್ನು ಬೆರಳಿನಲ್ಲಿ ಹಿಡಿದೆ ಖಾಸಿಂ, ನಲ್ಲಿ ತಿರುಗಿಸಿದ ಹಾಗೆ ತಿರುಗಿತು. ಇಲ್ಲಿಂದ ಮುಂದೆ ಇರುವುದು ನಾಲೆಯ ಏರಿ. ಉಳಿದ ಬೋಲ್ಟುಗಳನ್ನೂ ಮುಟ್ಟಿ ನೋಡಲು ಅಲ್ಲೇ ನೆಲದ ಮೇಲೆ ಕೂತೆ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು, “ಬೊಟ್ಟು ನೋಡಿದ್ನಲ್ಲ, ಬುಡು” ಅಂದಳು. ಅವಳ ಪ್ರಕಾರ ದೇವರ ಮುಖ ತಿರುಗಿದ್ದು ಮಾತ್ರ ತೊಂದರೆ. ಉಳಿದದ್ದನ್ನು ನಾನು ಹೇಳಿಲ್ಲ.

ಬಸ್ಸು ಬಂತು.

ಪುಟ್ಟ

* * *

ಕಿಕ್ಕೇರಿ
27 ಜೂನ್ 2025

ಖಾಸಿಂ,

ಬರೀ ಕಾಗದ ಕಳಿಸಿದ್ದೆ, ನೀನೇ ಬಂದುಬಿಟ್ಟೆ. ಸ್ಕೂಟರಿನ ಮುಂದೆ ಜಾಕಿ, ಹಿಂದೆ ಬೋಲ್ಟು ಬಿಗಿಯುವ ಪಾನಾದ ಚೀಲ, ಮೈತುಂಬ ಲೇತಿನ ಎಣ್ಣೆ. ನಾನು ಎದ್ದು ನಿಂತೆ, ಏನೋ ಹೇಳಬೇಕು ಅಂತ ಬಾಯಿಯನ್ನೂ ತೆಗೆದೆ. ನೀನು ನನ್ನನ್ನು ದಾಟಿ ಚಕ್ರದ ಹತ್ತಿರ ಹೋಗಿ, ಅದನ್ನೇ ಮಾತಾಡಿಸಿದೆ. ಎರಡು ವರ್ಷದ ಮೇಲೆ ಸಿಕ್ಕಿದ ಗೆಳೆಯನಿಗಿಂತ ಸಡಿಲ ಬೋಲ್ಟು ಹೆಚ್ಚು. ನ್ಯಾಯವೇ, ನಾನು ಅಷ್ಟು ಸಡಿಲವಾಗಿ ಕಾಣಲಿಲ್ಲವೇನೋ.

ಬೈಯುತ್ತೀಯ ಅಂತ ಕಾದೆ. ಬೈಯಲಿಲ್ಲ. ಬೋಲ್ಟು ಬಿಚ್ಚುವಾಗ ಒಂದೊಂದೇ ಬೊಟ್ಟನ್ನು ಹತ್ತಿರದಿಂದ ನೋಡಿ, ಗೆರೆಯ ಮೇಲೆ ಉಗುರು ಆಡಿಸಿ, ಅವ್ವನ ಕಡೆ ತಿರುಗಿ, “ಅವ್ವ, ಇದ್ಯಾರು ಹೇಳ್ಕೊಟ್ರು ನಿಮ್ಗೆ?” ಅಂದೆ. “ನಮ್ಮತ್ತೆ. ಎಮ್ಮೆಗೆ ಇಡಕ್ಕೆ” ಅಂದಳು ಅವಳು. ಆಗ ನೀನು ನಕ್ಕೆ.

ಆಮೇಲೆ ಕೆಂಪಿಯ ಮುಂಭಾಗವನ್ನು ಕಲ್ಲಿನ ಮೇಲೆ ಕೂರಿಸಿ, ಎರಡು ಚಕ್ರವನ್ನೂ ಬಿಲ್ಲೆಗಳನ್ನೂ ಆಟೋದಲ್ಲಿ ಹಾಕಿಸಿಕೊಂಡು ಹೊರಟೇಬಿಟ್ಟೆ. “ಬೋಲ್ಟು ಬರಗಂಟ ಇಂಗೇ ಇರ್ಲಿ. ಚಕ್ರ ಇಲ್ದಿದ್ರೆ ನಿಂಗೆ ಒಳ್ಳೆ ಘಳಿಗೆನೂ ಬರಲ್ಲ” ಅಂದೆಯಲ್ಲ, ಅದೊಂದೇ ನೀನು ನನಗೆ ಆಡಿದ ಪೂರ್ತಿ ವಾಕ್ಯ.

ಅಲ್ಲ, ಇನ್ನೊಂದಿತ್ತು. ಅದಕ್ಕೂ ಮುಂಚೆ ಕೈ ತೊಳೆದುಕೊಂಡು ಹೋಟೆಲಿನವನಿಗೆ, “ಒಂದು ಬೈಟು” ಅಂದೆ. ನನ್ನನ್ನು ಕೇಳಲೂ ಇಲ್ಲ. ಕಾಲೇಜಿನಲ್ಲಿ ಹೇಳುತ್ತಿದ್ದ ಹಾಗೆಯೇ. ಒಂದು ಕಾಫಿ, ಎರಡು ಲೋಟ, ನಿನ್ನ ಲೋಟದಲ್ಲಿ ಒಂದು ಗುಟುಕು ಹೆಚ್ಚು. ಅವತ್ತೂ ಹಾಗೇ, ಇವತ್ತೂ ಹಾಗೇ.

ಹೋಟೆಲಿನವನು ಫೋನು ಮಾಡಿದ್ದ. ಕಾಲೇಜು ಹುಡುಗರು ಕಲ್ಲಿನ ಮೇಲಿನ ಕೆಂಪಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರಂತೆ, ಅವನಿಗೆ ವ್ಯಾಪಾರ ಜೋರಂತೆ. ಆಷಾಢದಲ್ಲಿ ಮದುವೆಯೂ ಇಲ್ಲ, ಮೆರವಣಿಗೆಯೂ ಇಲ್ಲ. ಕೂತಿರಲಿ. ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಚಕ್ರ ನಿನ್ನ ಮನೆಯಲ್ಲಿದೆ, ಚಿಂತೆಯೂ ಅದರ ಜೊತೆಗೇ ಅಲ್ಲಿಗೆ ಬಂದಿರಬೇಕು.

ಅರ್ಧ ಲೋಟದಲ್ಲಿ ಪೂರ್ತಿ ತೃಪ್ತನಾದ,
ಪುಟ್ಟ

* * *

ಗಂಜಾಂ
28 ಜುಲೈ 2025

ಪುಟ್ಟ,

ಬೋಲ್ಟು ಬಂದವು. ಹತ್ತನ್ನೂ ಅಳೆದೆ, ಸರಿ ಇವೆ. ಶುಕ್ರವಾರ ನಮಾಜು ಮುಗಿಸಿ ಪಾಂಡವಪುರಕ್ಕೆ ಬರುತ್ತೇನೆ. ಶ್ರಾವಣ ಬಂದಿದೆ, ಇನ್ನು ಪಂಚಾಂಗದ ನೆಪ ಹೇಳಬೇಡ. ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಬಾ. ಕಾರಣ ಹೇಳುತ್ತೇನೆ.

ಕುಂಕುಮ ಮಳೆಗೆ ಕರಗುತ್ತದೆ. ಒಂದು ಸಣ್ಣ ಡಬ್ಬಿ ಕೆಂಪು ಪೇಂಟು ತಂದಿದ್ದೇನೆ. ಬೋಲ್ಟು ಬಿಗಿ ಮಾಡುವುದು ನಾನು. ಬೊಟ್ಟು ಮತ್ತು ಗೆರೆ ಅವ್ವನೇ ಇಡಬೇಕು. ನಾನು ಇಟ್ಟು ನೋಡಿದೆ, ಗೆರೆ ಅಷ್ಟು ನೆಟ್ಟಗೆ ಬರಲಿಲ್ಲ. ಈಗ ಅಂಗಡಿಗೆ ಬರುವ ಟ್ರಾಕ್ಟರಿನ ಚಕ್ರಕ್ಕೂ ಇಡುತ್ತಿದ್ದೇನೆ. “ಏನ್ ಸಾಬ್ರೇ, ಬೋಲ್ಟಿಗೆ ಬೊಟ್ಟು ಇಡ್ತಾ ಇದ್ದೀರ?” ಅಂತ ಜನ ಕೇಳುತ್ತಾರೆ. ನಮ್ಮವ್ವನ ಗುರುತು, ಕಿಕ್ಕೇರಿ ಕುಳ್ಳಮ್ಮನವರದು ಅನ್ನುತ್ತೇನೆ.

ಕಾರನ್ನು ನಾನೇ ಕೆ.ಆರ್. ಪೇಟೆವರೆಗೆ ಓಡಿಸಿ ನೋಡುತ್ತೇನೆ. ನೀನು ಹಿಂದೆ ನನ್ನ ಸ್ಕೂಟರಿನಲ್ಲಿ ಬಾ.

ಧನುಶ್ರೀಗೆ ಹೇಳು: ಮದುವೆ ದಿನ ಹೊರಟ ಮೇಲೆ ದಾರಿಯಲ್ಲಿ ಒಂದು ಕಡೆ ನಿಲ್ಲಿಸಬೇಕು, ಬೊಟ್ಟು ನೋಡಬೇಕು, ಪಾನಾ ಹಾಕಿ ಬಿಗಿ ನೋಡಬೇಕು. ರೇಷ್ಮೆ ಸೀರೆ ಅನ್ನಬಾರದು. ತಲುಪಿದ ಮೇಲೆ ನನಗೆ ಬರೆದು ತಿಳಿಸಬೇಕು.

ಕಾರು ಕೊಂಡದ್ದು ತಪ್ಪು ಅಂತ ಈಗಲೂ ಅನ್ನುತ್ತೇನೆ. ಚೆನ್ನಾಗಿದೆ, ಅದು ಬೇರೆ ಮಾತು.

ಖಾಸಿಂ

* * *

ನಾಗಮಂಗಲ
19 ಆಗಸ್ಟ್ 2025

ಖಾಸಿಂ ಮಾಮನವರಿಗೆ ಧನುಶ್ರೀಯ ನಮಸ್ಕಾರಗಳು.

ತಲುಪಿದೆವು. ಭಾನುವಾರವೇ ಫೋನಿನಲ್ಲಿ ಹೇಳಿದೆ. ಆದರೆ ಕಿವಿಯಲ್ಲಿ ಕೇಳಿದ್ದು ನಿಮ್ಮ ಕಬ್ಬಿಣಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಧಾರೆ ಆಗುವಾಗ ನೀವು ಮೊದಲನೇ ಸಾಲಿನಲ್ಲಿದ್ದಿರಿ. ಅಕ್ಷತೆ ಹಾಕಿದ ಮೇಲೆ ಕಾಣಲಿಲ್ಲ. ಹುಡುಕಿದರೆ ಛತ್ರದ ಹಿಂದೆ, ಬಿಳೀ ಅಂಗಿಯ ತೋಳು ಮಡಿಸಿ, ಕೆಂಪಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಿರಂತೆ. ಖುರ್ಷಿದ್ ಮಾಮಿ ಹೇಳಿದರು. “ಊಟಕ್ಕೆ ಬನ್ನಿ ಅಂದ್ರೆ ಚಕ್ರಕ್ಕೆ ದುವಾ ಮಾಡ್ತಾವ್ರೆ ನೋಡು” ಅಂತ ಬೈಯುತ್ತಿದ್ದರು.

ಅಜ್ಜಿ, ದಾರಿಯಲ್ಲಿ ಸಿಂಧಘಟ್ಟದ ನಮ್ಮ ನೆಂಟರು ಸೋಮಮ್ಮಜ್ಜಿಯ ಕಾಲಿಗೆ ಬಿದ್ದು ಹೋಗು ಅಂದಿದ್ದಳು. ಅಲ್ಲೇ ನಿಲ್ಲಿಸಿದೆ. ಬಾಸಿಂಗ ಬಿಚ್ಚಿ ಚೈತನ್ಯ ಅವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀವು ಕೊಟ್ಟ ಪಾನಾ ತೆಗೆದೆ. ಎದುರುಬದುರಾಗಿ, ನೀವು ತೋರಿಸಿದ ಕ್ರಮದಲ್ಲಿಯೇ ಹತ್ತಕ್ಕೂ ಹಾಕಿದೆ. ಒಂದೂ ಅಲುಗಲಿಲ್ಲ. ವಿಡಿಯೋದವನು ಎಲ್ಲಾ ತೆಗೆದುಕೊಂಡ. ಊರಿನ ಹೆಂಗಸರು ಸುತ್ತ ನಿಂತು, “ಏನವ್ವ, ನಿಮ್ ಕಡೆ ಇದೂ ಶಾಸ್ತ್ರನಾ?” ಅಂದರು. ಹೌದು ಅಂದೆ. ಚೈತನ್ಯ ಅವರು ಬಾಸಿಂಗ ಹಿಡಿದುಕೊಂಡು, “ನಮ್ಮನೇಲಿ ಹೊಸ್ದಾಗಿ ಶುರು ಮಾಡಿದ್ದೀವಿ” ಅಂದರು.

ಅಪ್ಪ ಹಿಂದೆ ಶಾಮಿಯಾನದ ವ್ಯಾನಿನಲ್ಲಿ ಬರುತ್ತಿದ್ದರು. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಎಡಗಡೆ ಚಕ್ರದ ಮೇಲೆ ಇತ್ತು. ಬೆಳಗಿನಿಂದ ಅವರು ಒಂದು ಪ್ರಾಸವನ್ನೂ ಹೇಳಿರಲಿಲ್ಲ. ಓಲಗದವರಿಗೂ ಹೇಳಲಿಲ್ಲ, ಬೀಗರಿಗೂ ಹೇಳಲಿಲ್ಲ. ಹುಷಾರಿಲ್ಲವೇನೋ ಅಂತ ಎಲ್ಲರೂ ಅಂದುಕೊಂಡಿದ್ದರು. ನನಗೆ ಗೊತ್ತಿತ್ತು.

ನಾಗಮಂಗಲದ ಮನೆಯ ಮುಂದೆ ಕೆಂಪಿ ನಿಲ್ಲಿಸಿ ಎಂಜಿನ್ ಆರಿಸಿದೆ. ಅತ್ತೆ ಆರತಿ ತರಲು ಒಳಗೆ ಹೋಗಿದ್ದರು. ಅಪ್ಪ ವ್ಯಾನಿನಿಂದ ಇಳಿದು ಓಡಿಕೊಂಡೇ ಬಂದರು. ನನ್ನ ಮುಖ ನೋಡಲಿಲ್ಲ. ಎಡಗಡೆ ಬಗ್ಗಿದರು, ಸುತ್ತಿ ಬಂದು ಬಲಗಡೆ ಬಗ್ಗಿದರು. ಒಂದೊಂದೇ ಬೋಲ್ಟಿನ ಮೇಲೆ ಬೆರಳಿಟ್ಟು, ಅಜ್ಜಿಯ ಗೆರೆ ಬೊಟ್ಟಿನಿಂದ ಚಕ್ರಕ್ಕೆ ನೆಟ್ಟಗೆ ಹೋಗಿದೆಯೋ ಇಲ್ಲವೋ ನೋಡಿದರು. ನೋಡಿ ಮುಗಿಸಿ, ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು ಅಂದರು:

“ಬೊಟ್ಟು ಬಿಟ್ಟಿಲ್ಲ ಪಟ್ಟು.”

ಅಂದವರೇ ಮುಖ ಆ ಕಡೆ ತಿರುಗಿಸಿಕೊಂಡರು. ಅತ್ತೆ ಆರತಿ ತಂದಾಗಲೂ ತಿರುಗಲಿಲ್ಲ.

ಚೈತನ್ಯ ಅವರಿಗೆ ಕಾರು ಕಲಿಯಬೇಕಂತೆ. ರಜೆಗೆ ಕರೆದುಕೊಂಡು ಬರುತ್ತೇನೆ. ಹೊಳೆ ದಾರಿ, ನಿಮ್ಮ ಹಳೇ ವ್ಯಾನು.

ನಿಮ್ಮ,
ಧನುಶ್ರೀ